ದಶಮಾಂಶದ ಲೆಕ್ಕ ಬಟವಾಡೆಯಿಂದ ಶುರುವಾಗಲಿ

ಸಕಲೇಶಪುರ, ಮೂಡಿಗೆರೆ ಕಡೆ ರೊಬಸ್ಟಾ ಕೊಯ್ಲು ಮುಗಿದು ಕಾಫಿ ದುಡ್ಡು ಕೈಗೆ ಬರುವ ಹೊತ್ತಿಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ದಶಮಾಂಶವನ್ನು, ಅಂದರೆ ದೇವರಿಗೆ ಕೊಡುವ ಆದಾಯದ ಹತ್ತನೇ ಒಂದು ಪಾಲನ್ನು, ಖರ್ಚು ಕಳೆದು ಕೊಡಬೇಕೋ, ಕಳೆಯದೆಯೋ? ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ. ಆಳುಗಳ ಬಟವಾಡೆ ಪೂರ್ತಿ ಆಗಿದೆಯಾ?

ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನಲ್ಲಿ ಉಳಿಯಬಾರದು ಅನ್ನುತ್ತದೆ ಬೈಬಲ್‌ನ ಯಾಜಕಕಾಂಡ 19:13. ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಅನ್ನುತ್ತದೆ ಯಾಕೋಬನ ಪತ್ರಿಕೆ 5:4. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ದವರಿಗೆ ಚೀಲದ ತೂಕ ಅಂತ ಜಾಸ್ತಿ ಮುರಿದು, ಭಾನುವಾರ ಕಾಣಿಕೆ ಚೀಲಕ್ಕೆ ಐನೂರರ ನೋಟು ಹಾಕಿದರೆ ಆ ಕಾಣಿಕೆ ಕೊಯ್ದವರದ್ದು. ಹಾಕಿದ ಕೈ ಮಾತ್ರ ನಮ್ಮದು.

ಇನ್ನು ಲೆಕ್ಕ. ಕಾಫಿ, ಮೆಣಸು ಸೇರಿ 6 ಲಕ್ಷ ಬಂತು ಅನ್ನಿ. ಕೂಲಿ, ಗೊಬ್ಬರ, ಔಷಧಿ, ಸಾಗಾಟ, ಬೆಳೆಸಾಲದ ಬಡ್ಡಿ ಎಲ್ಲಾ 3.5 ಲಕ್ಷ. ಉಳಿದ 2.5 ಲಕ್ಷದಲ್ಲಿ ಹತ್ತನೇ ಒಂದು 25,000. ಸಾಲವಾಗಿ ಬಂದ ಹಣ ಆದಾಯವಲ್ಲ, ಅದರಲ್ಲಿ ದಶಮಾಂಶ ತೆಗೆಯಬೇಕಿಲ್ಲ. ಆದರೆ ಮಕ್ಕಳ ಫೀಸು, ಕಾರಿನ ಕಂತು ಕೃಷಿ ಖರ್ಚಲ್ಲ. ಅವನ್ನೂ ಕಳೆಯುತ್ತಾ ಹೋದರೆ ದೇವರ ಪಾಲಿಗೆ ಉಳಿಯುವುದು ಸೊನ್ನೆ.

ಎಡವಟ್ಟಾಗುವುದು ಎಲ್ಲಿ ಅಂದರೆ, ಮಾರ್ಚ್‌ನಲ್ಲಿ ಒಟ್ಟಿಗೆ ಬಂದ ದುಡ್ಡು ಜೂನ್ ಹೊತ್ತಿಗೆ ಶಾಲೆಗೆ, ಮಳೆಗಾಲದ ಮುಂಚಿನ ಗೊಬ್ಬರಕ್ಕೆ ಕರಗಿರುತ್ತದೆ. ಆದ್ದರಿಂದ ದುಡ್ಡು ಬಂದ ದಿನವೇ ಆ 25,000 ಬೇರೆ ಖಾತೆಗೆ ಹೋಗಲಿ. ತಿಂಗಳಿಗೆ 1,400ರಂತೆ ಸಭೆಗೆ ಕೊಟ್ಟರೆ ವರ್ಷಕ್ಕೆ 16,800. ಮಿಕ್ಕ 8,200 ಬಡವರಿಗೆ. ಹೀಗೆ ಸುಮಾರು ಮೂರರಲ್ಲಿ ಒಂದು ಪಾಲು ಯಾಕೆ ಅಂದರೆ, ಧರ್ಮೋಪದೇಶಕಾಂಡ 14:28-29 ಮೂರನೇ ವರ್ಷದ ದಶಮಾಂಶವನ್ನು ದೇವಾಲಯದ ಸೇವೆಯ ಕುಲದವರಾದ ಲೇವಿಯರ ಜೊತೆ ಪರದೇಶಿ, ತಬ್ಬಲಿ, ವಿಧವೆಯರಿಗೆ ಅಂತಲೇ ಇಟ್ಟಿದೆ. ಅಸ್ಸಾಮಿನಿಂದ ಬಂದು ನಮ್ಮ ತೋಟದ ಆಳುಗಳ ಲೈನ್ ಮನೆಗಳಲ್ಲಿ ಇರುವವರೇ ಇವತ್ತಿನ ಪರದೇಶಿಗಳು. ದಿನಗೂಲಿಯ ಮನೆಗಳ ಮೇಲೆ ಹತ್ತನೇ ಒಂದರ ಒತ್ತಾಯ ಹೇರುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಬಲಾತ್ಕಾರದಿಂದ ಕೊಡಬೇಡಿ ಅಂತ ಅಪೊಸ್ತಲ ಪೌಲನೇ ಬರೆದಿದ್ದಾನೆ.

ಅಡುಗೆಗೆ ಮುಂಚೆ ದೇವರಿಗೆ ಅಂತ ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ಒಳ್ಳೆಯದೇ. ಹಿಡಿಗೆ 50 ಗ್ರಾಂ ಅಂದರೂ ದಿನಕ್ಕೆ ಎರಡು ಸಲಕ್ಕೆ ತಿಂಗಳಿಗೆ 3 ಕಿಲೋ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳಿಟ್ಟರೆ ಹುಳ ಬೀಳುತ್ತದೆ, ವಾರವಾರ ಕೊಟ್ಟುಬಿಡಿ. ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಬಂದ ಫಸಲಿನ ಹರಾಜಿನಲ್ಲಿ ಕುಂಬಳಕಾಯಿಗೆ ಜಿದ್ದಿಗೆ ಬಿದ್ದು ಸಾವಿರಗಟ್ಟಲೆ ಕೂಗಿ ಬಾಕಿ ಉಳಿಸಿಕೊಳ್ಳಬೇಡಿ. ಬಾಕಿ ಕೇಳಲು ಖಜಾಂಚಿ ಮನೆ ಬಾಗಿಲಿಗೆ ಬರುವಂತಾದರೆ ಇಬ್ಬರಿಗೂ ಮುಜುಗರ.

ಹಕ್ಕಲಿನ, ಅಂದರೆ ಕೊಯ್ಲಾದ ಮೇಲೆ ಉಳಿದುಹೋದ ಫಸಲಿನ ವಿಷಯ ಮಾತ್ರ ತೋಟದವರು ಸರಿಯಾಗಿ ಯೋಚಿಸಬೇಕು. ಹೊಲದ ಹಕ್ಕಲನ್ನು ಬಡವರಿಗೆ ಬಿಡಿ ಅನ್ನುತ್ತದೆ ಯಾಜಕಕಾಂಡ 19:9-10. ಭತ್ತದ ಗದ್ದೆಯಲ್ಲಿ ಅದು ಸಲೀಸು. ಕಾಫಿಯಲ್ಲಿ ಗಿಡದಲ್ಲುಳಿದ, ನೆಲಕ್ಕುದುರಿದ ಹಣ್ಣಿನೊಳಗೆ ಕಾಯಿಕೊರಕ ಕೀಟ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ, ಪಕ್ಕದ ತೋಟಕ್ಕೂ ದಾಟುತ್ತದೆ. ಹಾಗಾಗಿ ಹಣ್ಣು ಬಿಡಬೇಡಿ, ಅದರ ಬೆಲೆ ಬಿಡಿ. ಕಿಲೋ ಲೆಕ್ಕದ ಕೊಯ್ಲಿಗೆ ಕೈ ಓಡದ ವಯಸ್ಸಾದ ಹೆಂಗಸರಿಗೆ ಹಕ್ಕಲು ಆಯಲು ಕೊಡಿ. ದಿನದ ಕೂಲಿ ಎಂದಿನಂತೆ ಇರಲಿ, ಮೇಲೆ ಹಣ್ಣಿನ ಪೇಟೆ ಬೆಲೆಯನ್ನೂ ಪೂರ್ತಿ ಕೊಡಿ. ಆ ತೂಕವನ್ನು ತೋಟದ ಲೆಕ್ಕ ಬರೆಯುವ ರೈಟರು ಬೇರೆ ಪುಸ್ತಕದಲ್ಲಿ ಬರೆಯಲಿ, ದುಡ್ಡು ಅದೇ ವಾರದ ಬಟವಾಡೆಯಲ್ಲಿ ಅವರ ಕೈ ಸೇರಲಿ.