ಜೆಪಾರಾದಿಂದ ಪೀಠೋಪಕರಣ ತರಿಸುವ ಯೋಚನೆಯಿದ್ದರೆ, ಮೊದಲು ಘನಮೀಟರ್ ಲೆಕ್ಕ

ಇಂಡೋನೇಷ್ಯಾದ ಬಾಲಿಗೆ ಪ್ರವಾಸ ಹೋಗಿ ಬಂದ ಎಷ್ಟೋ ಜನರ ತಲೆಯಲ್ಲಿ ಒಂದು ಹುಳ ಹೊಕ್ಕಿರುತ್ತದೆ: ಅಲ್ಲಿ ಪೀಠೋಪಕರಣ ಇಷ್ಟು ಅಗ್ಗ, ಬೆಂಗಳೂರಿನಲ್ಲಿ ಅಷ್ಟು ದುಬಾರಿ, ನಡುವೆ ನಾವೇ ಯಾಕೆ ನಿಲ್ಲಬಾರದು? ನಿಲ್ಲಬಹುದು. ಆದರೆ ಕುರ್ಚಿಯ ಬೆಲೆ ನೋಡಿ ಲಾಭ ಲೆಕ್ಕ ಹಾಕಿದವರು ಮೊದಲ ಕಂಟೇನರಿಗೇ ಸುಸ್ತಾಗುತ್ತಾರೆ.

20 ಅಡಿ ಕಂಟೇನರಿನ ಒಳಗೆ ಹೇಳಿಕೊಳ್ಳಲು 33 ಘನಮೀಟರ್ ಜಾಗವಿದೆ. ಪೀಠೋಪಕರಣ ತುಂಬಿದರೆ 27–28 ದಾಟುವುದು ಕಷ್ಟ. ಪ್ಯಾಕ್ ಮಾಡಿದ ಊಟದ ಕುರ್ಚಿ 50×55×100 ಸೆಂ.ಮೀ. ಇದ್ದರೆ ಅದು 0.275 ಘನಮೀಟರ್. ಹೆಚ್ಚೆಂದರೆ ನೂರು ಕುರ್ಚಿ ಹಿಡಿಸುತ್ತದೆ, ಉಳಿದದ್ದೆಲ್ಲ ಕಾಲುಗಳ ನಡುವಿನ ಗಾಳಿ. ನಮ್ಮ ಕಸ್ಟಮ್ಸ್ ಸುಂಕ ಬೀಳುವುದು ಸರಕಿನ ಬೆಲೆಗೆ ಹಡಗಿನ ಬಾಡಿಗೆ, ವಿಮೆ ಸೇರಿಸಿದ ಮೊತ್ತದ ಮೇಲೆ. ಅದರ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ. ಅಂದರೆ ಗಾಳಿಗೆ ಬಾಡಿಗೆಯೂ ಕೊಡುತ್ತೀರಿ, ತೆರಿಗೆಯೂ ಕಟ್ಟುತ್ತೀರಿ. ಹಾಗಾಗಿ ಮೇಜಿನ ಕಾಲು ಬೋಲ್ಟಿನಲ್ಲಿ ಬಿಚ್ಚುವಂತಿರಲಿ, ಕಪಾಟಿನ ಹೊಟ್ಟೆಯೊಳಗೆ ಬಟ್ಟಲು, ಮುಖವಾಡ, ಚಿಕ್ಕ ವಿಗ್ರಹಗಳು ಕೂರಲಿ. ದರಪಟ್ಟಿ ಕೇಳುವಾಗ ಪ್ರತಿ ವಸ್ತುವಿನ ಮುಂದೆ ಪ್ಯಾಕಿಂಗ್ ಅಳತೆ ಬರೆಸಿಕೊಳ್ಳಿ. ಬೆಲೆಯನ್ನು ಮಧ್ಯ ಜಾವಾದ ಸೆಮರಾಂಗ್ ಬಂದರಿನ ಎಫ್‌ಒಬಿ ಲೆಕ್ಕದಲ್ಲೇ (ಸರಕು ಹಡಗೇರುವವರೆಗಿನ ಖರ್ಚು ಮಾರುವವನದು) ಮಾತಾಡಿ.

ಬಾಲಿ ಬಹುಮಟ್ಟಿಗೆ ಷೋರೂಮ್. ಕೆತ್ತನೆಯ ತೇಗದ ಸಾಮಾನು ಹುಟ್ಟುವುದು ಮಧ್ಯ ಜಾವಾದ ಜೆಪಾರಾದಲ್ಲಿ. ಬೆತ್ತಕ್ಕೆ ಚಿರೆಬಾನ್, ಕಲ್ಲಿನ ವಿಗ್ರಹಕ್ಕೆ ಮೆರಾಪಿ ಜ್ವಾಲಾಮುಖಿಯ ಬುಡದ ಮುಂಟಿಲಾನ್. ಮರದ ಶಿಲ್ಪಕ್ಕೆ ಮಾತ್ರ ಬಾಲಿಯ ಮಾಸ್ ಹಳ್ಳಿಗೇ ಹೋಗಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚು ದುಡ್ಡು ಮುಳುಗಿಸುವ ಸಂಗತಿ: ಮರದೊಳಗಿನ ನೀರು. ಜೆಪಾರಾ ಕಡಲತೀರದ ಊರು. ಅಲ್ಲಿ ಕಿಲ್ನ್ ಎಂಬ ಬಿಸಿಗೂಡಿನಲ್ಲಿ ಒಣಗಿಸಿದ ತೇಗವನ್ನೂ ತೆರೆದ ಶೆಡ್ಡಿನಲ್ಲಿ ಬಿಟ್ಟರೆ ಮತ್ತೆ ತೇವ ಹೀರುತ್ತದೆ. ಅದು ಫೆಬ್ರವರಿ–ಮಾರ್ಚಿನ ಒಣ ಬೆಂಗಳೂರಿಗೆ ಬಂದರೆ ಕುಗ್ಗಲೇಬೇಕು. ಒಂದು ಮೀಟರ್ ಅಗಲದ ತೇಗದ ಹಲಗೆಯ ತೇವಾಂಶ 14ರಿಂದ 9 ಶೇಕಡಾಕ್ಕೆ ಇಳಿದರೆ ಅಗಲದಲ್ಲಿ ಸುಮಾರು 9 ಮಿ.ಮೀ. ಕಡಿಮೆಯಾಗಬಹುದು. ಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ ಬಿಗಿದಿದ್ದರೆ ಆ 9 ಮಿ.ಮೀ. ಬಿರುಕಾಗಿ ಹೊರಬರುತ್ತದೆ. ಸ್ಕ್ರೂಗೆ ಉದ್ದನೆಯ ತೂತು ಕೊರೆದು ಹಲಗೆ ಸರಿಯಲು ಜಾಗ ಬಿಡಿ ಎಂದು ಆರ್ಡರಿನಲ್ಲೇ ಬರೆಯಿರಿ, ಬಾಯಿಮಾತು ಸಾಲದು. ತೇವಾಂಶಕ್ಕೆ 8–12 ಶೇಕಡಾ ಎಂಬ ಮಿತಿ ಹಾಕಿ, ಕಂಟೇನರ್ ತುಂಬುವ ದಿನವೇ ತೇವ ಅಳೆಯುವ ಮೀಟರ್ ಹಿಡಿದು ನೋಡಿಸಿ. 8–10 ಸೆಂ.ಮೀ. ದಪ್ಪದ ಸುವಾರ್ ಹಲಗೆಗೆ (ನಮ್ಮ ರಸ್ತೆಬದಿಯ ಮಳೆಮರವೇ ಅದು) ಗಿಡ್ಡ ಪಿನ್ನಿನ ಮೀಟರ್ ಸುಳ್ಳು ಹೇಳುತ್ತದೆ: ಮೇಲೆ ಒಣಗಿರುತ್ತದೆ, ನಡುವೆ ಹಸಿ. ಆಳಕ್ಕೆ ಇಳಿಯುವ, ತುದಿ ಬಿಟ್ಟು ಉಳಿದ ಭಾಗಕ್ಕೆ ನಿರೋಧಕ ಲೇಪನವಿರುವ ಪಿನ್ ಬೇಕು.

ಜೊತೆಗೆ ಮೇಜನ್ನು ತಲೆಕೆಳಗು ಮಾಡಿಸಿ. ಎಳೆ ತೇಗದ ಹೊರಪದರದ ಬಿಳಿಮರವನ್ನು ಬಣ್ಣ ಬಳಿದು ಒಳಗಿನ ಗಟ್ಟಿ ಚೇಗಿನಂತೆ ಕಾಣಿಸುವುದು ಅಲ್ಲಿ ಮಾಮೂಲು. ಕಾಣದ ಜಾಗದಲ್ಲಿ ಥಿನ್ನರ್ ಹಚ್ಚಿ ಉಜ್ಜಿದರೆ ಗುಟ್ಟು ರಟ್ಟಾಗುತ್ತದೆ. ಹಿಟ್ಟು ಉದುರಿಸುವ ಹುಳು ಬೀಳುವುದು ಈ ಬಿಳಿಮರಕ್ಕೇ. ಇನ್ನು ಮೇಣದ ಹೊಳಪಿನ ಮರಕ್ಕೆ ನೇರವಾಗಿ ಪ್ಲಾಸ್ಟಿಕ್ ಸುತ್ತಿಸಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮೊದಲು ರಟ್ಟು, ಆಮೇಲೆ ಫೋಮ್, ಕಂಟೇನರಿನಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳು.

ಕಾಗದಪತ್ರ. ಆಸಿಯಾನ್ ಒಪ್ಪಂದದ ಸುಂಕ ರಿಯಾಯಿತಿಗೆ ಫಾರ್ಮ್ ಎಐ (ಸರಕು ಯಾವ ದೇಶದ್ದೆಂಬ ಪ್ರಮಾಣಪತ್ರ) ಬೇಕು. ನಮ್ಮ ಕಸ್ಟಮ್ಸಿನ 2020ರ ನಿಯಮ ಬಂದ ಮೇಲೆ ಆ ಹಾಳೆಯೊಂದೇ ಸಾಲದು, ವಸ್ತು ನಿಜಕ್ಕೂ ಅಲ್ಲಿನದೇ ಎಂಬ ವಿವರ ಆಮದುದಾರನ ಕೈಯಲ್ಲೂ ಇರಬೇಕು. ಮರದ ಪೆಟ್ಟಿಗೆ, ಪ್ಯಾಲೆಟ್‌ಗಳ ಮೇಲೆ ಐಎಸ್‌ಪಿಎಂ 15 (ಮರದ ಕೀಟ ಕೊಲ್ಲಲು ಸಂಸ್ಕರಿಸಿದ್ದಕ್ಕೆ ಅಂತರರಾಷ್ಟ್ರೀಯ ಗುರುತು) ಮುದ್ರೆ ಇರಲಿ. ಸೋನೊಕೆಲಿಂಗ್ ಅಂತ ಕಪ್ಪು ನೇರಳೆ ಮರ ತೋರಿಸಿದರೆ ಹುಷಾರು: ಅದು ನಮ್ಮ ಬೀಟೆಯೇ, 2017ರಿಂದ ಅಳಿವಿನ ಭೀತಿಯ ಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಒಂದು ರವಾನೆಯಲ್ಲಿ ಆ ಮರ 10 ಕೆ.ಜಿ. ಮೀರಿದರೆ ಪರವಾನಗಿ ಬೇಕೇ ಬೇಕು. ಕುರ್ಚಿ, ಮೇಜು, ಮಂಚ, ಕಪಾಟುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ ಮಾಡುವ ಆದೇಶ 2025ರಲ್ಲಿ ಹೊರಟಿದೆ. ಮುಂಗಡ ಕೊಡುವ ಮುಂಚೆ ಅದರ ಇವತ್ತಿನ ಸ್ಥಿತಿಯನ್ನು ಕಸ್ಟಮ್ಸ್ ಏಜೆಂಟರ ಬಳಿ ಬರಹದಲ್ಲೇ ಕೇಳಿ. ನಾಲ್ಕು ಜನ ಬಡಗಿಗಳ ಶೆಡ್ಡು ಬಿಐಎಸ್ ಪರವಾನಗಿ ತೆಗೆಯುತ್ತದೆಂದು ನಂಬುವುದು ಕಷ್ಟ. ಹೊಸಬರು ಗೋಡೆಯ ಕೆತ್ತನೆ ಹಲಗೆ, ಬಟ್ಟಲು, ಶಿಲ್ಪಗಳಿಂದ ಶುರು ಮಾಡುವುದೇ ಜಾಣತನ ಅನ್ನುವುದು ನನ್ನ ಅಭಿಪ್ರಾಯ.

'ಪುರಾತನ' ಅಂತ ಮಾರುವ ಬಹುಪಾಲು ಮಾಲು ಹೊಸದು, ಹಳೆಯದಾಗಿ ಕಾಣುವಂತೆ ಮಾಡಿದ್ದು. ನಿಜಕ್ಕೂ ಹಳೆಯದಾಗಿದ್ದರೆ ತೊಂದರೆ ಇನ್ನೂ ದೊಡ್ಡದು, ಇಂಡೋನೇಷ್ಯಾದ 2010ರ ಪರಂಪರೆ ಕಾಯ್ದೆ ಅಡ್ಡ ಬರುತ್ತದೆ. ಗಿರಾಕಿಗೆ 'ಹಳೆ ಶೈಲಿ' ಎಂದು ಹೇಳಿಯೇ ಮಾರಿ.

ಮುಂಗಡ 30–40 ಶೇಕಡಾ ಸಾಕು, ಬಾಕಿ ಹಣ ಪರಿಶೀಲನೆ ಮುಗಿದ ಮೇಲೆ. ಕಂಟೇನರ್ ಖಾಲಿಯಿದ್ದಾಗ, ಅರ್ಧ ತುಂಬಿದಾಗ, ಬಾಗಿಲು ಹಾಕಿದಾಗ ಫೋಟೊ ತರಿಸಿಕೊಳ್ಳಿ. ಕೊನೆಯ ಫೋಟೊದಲ್ಲಿ ಸೀಲ್ ನಂಬರ್ ಓದುವಂತಿರಲಿ. ಇಲ್ಲಿಗೆ ಬಂದಾಗ ಅದು ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸಾಗಣೆ ರಸೀದಿ) ಜೊತೆ ತಾಳೆಯಾಗದಿದ್ದರೆ ವಿಮೆಯ ಸರ್ವೇಯರ್ ಬರುವವರೆಗೆ ಬಾಗಿಲು ತೆಗೆಸಬೇಡಿ.