ಇತರೆ ಖರ್ಚು: ಹತ್ತು ಸಾವಿರ

ಅಕ್ಕನ ದೊಡ್ಡ ಮಗಳ ಮದುವೆಗೆ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು. ಬ್ಯಾಂಕಿನಲ್ಲಿ ಇದ್ದವನು ಅಂತ. ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ ಭಾವನೇ ಬರೆದರು: ಒಟ್ಟು 12 ಲಕ್ಷ. ಕೊನೇ ಸಾಲು, ‘ಇತರೆ: 10,000’.

ಮೊದಲ ವಾರ ಭಾವ ಹುಲಿ. “2016ರಲ್ಲಿ ನೋಟು ರದ್ದಾದಾಗ ಮದುವೆಗೆ ಅಂತ ಖಾತೆಯಿಂದ ಎರಡೂವರೆ ಲಕ್ಷ ತೆಗೆಯೋಕೆ ಬಿಟ್ಟಿದ್ರು. ಆಗ ಮದುವೆಗಳು ನಿಂತು ಹೋದ್ವಾ?” ಎಂದು ಗುಡುಗಿದರು. ನಿಲ್ಲಲಿಲ್ಲ, ನಿಜ. ಅದೇ ತಿಂಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಾರ್ದನ ರೆಡ್ಡಿಯವರ ಮಗಳ ಮದುವೆಯೂ ಆಯಿತು. ಅದರ ಕರೆಯೋಲೆಯ ಡಬ್ಬಿ ತೆರೆದರೆ ಪರದೆ ಮೇಲೆ ವಿಡಿಯೊ ಓಡುತ್ತಿತ್ತು. ಭಾವನಿಗೆ ಎರಡೂವರೆ ಲಕ್ಷ ನೆನಪಿತ್ತು. ಅಕ್ಕನಿಗೆ ಡಬ್ಬಿ ನೆನಪಿತ್ತು.

ಛತ್ರದ ಬಾಡಿಗೆ ಕೇಳಿ ಖುಷಿಯಾಯಿತು. ಆಮೇಲೆ ಮ್ಯಾನೇಜರ್ ಬಾಲ ಬಿಚ್ಚಿದರು. ಜಿಎಸ್‌ಟಿ 18 ಪರ್ಸೆಂಟ್, ಕರೆಂಟಿಗೆ ಯೂನಿಟ್ ಲೆಕ್ಕ, ಜನರೇಟರಿಗೆ ಡೀಸೆಲ್, ಗುಡಿಸೋರಿಗೆ ಬೇರೆ, ಪಾತ್ರೆಗೆ ಬೇರೆ. ಭಾವ ಗೊಣಗಿದಾಗ ಆತ ಮೃದುವಾಗಿ ಹೇಳಿದರು: “ಜೀವನದಲ್ಲಿ ಒಂದೇ ಸಲ ಅಲ್ವಾ ಸರ್?”

ಆಮೇಲೆ ಆ ಮಾತು ಎಲ್ಲರ ಬಾಯಲ್ಲೂ ಕೇಳಿದೆ. ಸೀರೆ ಅಂಗಡಿಯವರು, ಹೂವಿನವರು, ಮೇಕಪ್ಪಿನವರು. ಹೇಳಿದವರಲ್ಲಿ ಒಬ್ಬರೂ ದುಡ್ಡು ಕೊಡುವವರಲ್ಲ.

ಅರಿಶಿನ ಶಾಸ್ತ್ರವನ್ನೇ ನೋಡಿ. ನಮ್ಮಕ್ಕನಿಗೆ ಮಾಡಿದಾಗ ಒಂದು ಬಟ್ಟಲು ಅರಿಶಿನ, ಸ್ವಲ್ಪ ಎಣ್ಣೆ, ಒಂದು ಹಳೇ ಸೀರೆ. ಸೋಬಾನೆ ಹೇಳಲು ಬೀದಿಯ ಅಜ್ಜಿಯರು, ಅವರಿಗೆ ಕಾಫಿ. ಈಗ ಅದಕ್ಕೆ ‘ಹಲ್ದಿ’ ಅಂತಾರೆ. ಹೆಸರು ಬದಲಾದದ್ದೇ ತಡ, ಹಳದಿ ಉಯ್ಯಾಲೆ ಬಂತು, ಹಳದಿ ಕೊಡೆ ಬಂತು, ಬಂದವರಿಗೆಲ್ಲ ಹಳದಿ ಕನ್ನಡಕ ಬಂತು. 85,000 ಹೋಯಿತು. ಅರಿಶಿನ ಮಾತ್ರ ತರೋಕೆ ಮರೆತು, ಕೊನೇ ಗಳಿಗೆಯಲ್ಲಿ ನಾನೇ ಪಕ್ಕದ ಅಂಗಡಿಗೆ ಓಡಿದೆ. ಹದಿನೈದು ರೂಪಾಯಿ. ‘ಇತರೆ’ಯಲ್ಲಿ ಬರೆದಿದ್ದೇನೆ.

ಡ್ರೋನೂ ಅಲ್ಲೇ ಇದೆ.

ಊಟದ ಮಾತು ಬೇಡವೇ ಬೇಡ. ಎಂಟುನೂರು ಎಲೆ ಹೇಳಿದ್ದೆವು. ಕಂಟ್ರಾಕ್ಟರ್ ಸಾವಿರದ ನೂರು ಎಣಿಸಿದರು. “ನಿಮ್ಮವರೇ ಎರಡೆರಡು ಪಂಕ್ತಿ ಕೂತ್ರು ಸರ್!” ಕೂತರೇನೋ, ಆದರೆ ತಿಂದವರನ್ನು ನಾನು ಕಾಣಲಿಲ್ಲ. ಹೋಳಿಗೆ ಚಿವುಟಿ, ಪಲಾವ್ ಕೆದಕಿ, ಐಸ್‌ಕ್ರೀಮಿಗೆ ಎದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿಂದೊಮ್ಮೆ ನಗರದ ಛತ್ರಗಳಲ್ಲಿ ವರ್ಷಕ್ಕೆ 943 ಟನ್ ಊಟ ವ್ಯರ್ಥವಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಅದರಲ್ಲಿ ನಮ್ಮ ಬೀಗರ ಪಾಲನ್ನು ಬೇರೆಯಾಗಿ ತೋರಿಸಬೇಕಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆಗೆ ಸಾಲ ಕೇಳಿದರೆ ಬ್ಯಾಂಕು ಪ್ಲ್ಯಾನ್ ಕೇಳುತ್ತದೆ, ಎಸ್ಟಿಮೇಟ್ ಕೇಳುತ್ತದೆ. ಮದುವೆಗೆ ಪರ್ಸನಲ್ ಲೋನ್ ಕೊಡುವಾಗ ಸಂಬಳದ ಚೀಟಿ ಸಾಕು, ಉಯ್ಯಾಲೆ ಯಾಕೆ ಅಂತ ಯಾರೂ ಕೇಳಲ್ಲ. ಬಡ್ಡಿ ಮಾತ್ರ ಜಾಸ್ತಿ.

ಕೊನೆಗೆ ಕೂಡಿದೆ. 23 ಲಕ್ಷದ 40 ಸಾವಿರ. ಅದರಲ್ಲಿ ‘ಇತರೆ’ ಒಂಬತ್ತು ಲಕ್ಷ. ಭಾವ ಬಹಳ ಹೊತ್ತು ನೋಟ್‌ಬುಕ್ ನೋಡಿದರು. “ಚಿಕ್ಕವಳದ್ದು ದೇವಸ್ಥಾನದಲ್ಲಿ ಸಿಂಪಲ್ಲಾಗಿ ಮಾಡಿಬಿಡೋಣ” ಎಂದರು.

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ದೊಡ್ಡವಳಿಗೆ ಡ್ರೋನ್ ಹಾರಿಸಿ ಚಿಕ್ಕವಳಿಗೆ ಬಿಟ್ರೆ ಜನ ಏನಂತಾರೆ?”

ನೋಟ್‌ಬುಕ್ಕಿನಲ್ಲಿ ಇನ್ನೂ ನೂರ ಹತ್ತು ಪುಟ ಖಾಲಿ ಇದೆ.