ಸರ್ಪಸುತ್ತಿಗೆ ಗರಿಕೆ ರಸ ಸಾಕು ಎಂಬ ಮಾತು ಸರಿಯಲ್ಲ

‘ಸರ್ಪಸುತ್ತಿಗೆ ಡಾಕ್ಟರ್ ಬೇಡ. ಗರಿಕೆ ರಸದಲ್ಲಿ ಕೆಮ್ಮಣ್ಣು ಕಲಸಿ ಹಚ್ಚಿ. ತಲೆ-ಬಾಲ ಸೇರಿದರೆ ಸಾವು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಇದನ್ನು ನಂಬಬೇಡಿ.

ಹಾವಿಗೂ ಸರ್ಪಸುತ್ತಿಗೂ ಸಂಬಂಧವಿಲ್ಲ. ‘ಅಮ್ಮ ಬಂದಿದೆ’ ಅಂತೀವಲ್ಲ, ಆ ಚಿಕನ್‌ಪಾಕ್ಸ್‌ನ ವೈರಸ್ಸೇ ನರಗಳಲ್ಲಿ ವರ್ಷಗಟ್ಟಲೆ ಅಡಗಿದ್ದು ಮತ್ತೆ ಏಳುತ್ತದೆ. ಒಂದೇ ನರದ ಜಾಡು ಹಿಡಿಯುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಏಳುತ್ತವೆ. ಸುತ್ತು ಪೂರ್ತಿಯಾಗಿ ಜೀವ ಹೋಗುತ್ತದೆ ಅನ್ನುವುದು ಸುಮ್ನೆ ಹೆದರಿಕೆ.

ಹಾಗಾದರೆ ಅಜ್ಜಿಯ ಮದ್ದಿನಿಂದ ವಾಸಿಯಾಯಿತಲ್ಲ? ಗುಳ್ಳೆಗಳು 2ರಿಂದ 4 ವಾರದಲ್ಲಿ ಹೆಚ್ಚಾಗಿ ತಾವಾಗಿಯೇ ಒಣಗುತ್ತವೆ, ಹೆಸರು ಮದ್ದಿಗೆ ಬರುತ್ತದೆ. ತಣ್ಣನೆಯ ಲೇಪದಿಂದ ಉರಿ ಸ್ವಲ್ಪ ತಗ್ಗಬಹುದು, ನಿಜ. ಆದರೆ ಒಡೆದ ಗುಳ್ಳೆಗೆ ಮಣ್ಣು ಹಚ್ಚಿದರೆ ಕೀವಾಗುವ ಭಯವಿದೆ.

ವೈರಸ್ ತಡೆಯುವ ಎಸೈಕ್ಲೊವಿರ್‌ನಂಥ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಲಾಭ ಜಾಸ್ತಿ. ಲೇಪ ಹಚ್ಚಿ ಕಾಯುತ್ತಾ ಕುಳಿತರೆ ಕಳೆದುಹೋಗುವುದು ಈ ಸಮಯವೇ. ಗುಳ್ಳೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿಯುವ ನರದ ನೋವು ವಯಸ್ಸಾದವರನ್ನು ತುಂಬಾ ಕಾಡುತ್ತದೆ. ಹಣೆ, ಮೂಗು, ಕಣ್ಣಿನ ಹತ್ತಿರ ಎದ್ದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ದೃಷ್ಟಿಗೇ ತೊಂದರೆಯಾಗಬಹುದು.